ಓದುಗರ ಪ್ರಶ್ನೆಗಳು: ಮನೆಗೆ ಯಾವ ಕಂಪನಿಯ ಪೂಲ್ ಟೇಬಲ್?

ಪ್ರಶ್ನೆ: ಮಾನ್ಯರೆ, ನಾವು ಅಮೆರಿಕದ ಶಿಕಾಗೊ ನಗರದ ಹತ್ತಿರ ಬಹಳ ವರ್ಷಗಳಿಂದ ನೆಲೆಸಿದ್ದೇವೆ. ಮನೆಯ ಬೇಸ್‌ಮೆಂಟನ್ನು ಈಚೆಗೆ ಅಚ್ಚುಕಟ್ಟು ಮಾಡಿಸಿದ್ದು, 24 ಅಡಿ ಉದ್ದ, 15 ಅಡಿ ಅಗಲದ ಆ ಕೋಣೆಯಲ್ಲಿ ಕಡೆಯ ಗೋಡೆಯಿಂದ 5 ಅಡಿ ಈಚೆಗೆ ಕಬ್ಬಿಣದ ಕಂಬವೊಂದಿದೆ. ಹದಿನಾಲ್ಕು ವರ್ಷದ ಮಗ ಬಿಲಿಯರ್ಡ್ಸ್ ಬಗೆಯ ಪೂಲ್ ಆಟವನ್ನು ಪೂಲ್ ಹಾಲ್‌ಗೆ ಹೋಗಿ ಶ್ರದ್ಧೆಯಿಂದ ಆಡುತ್ತಾನೆ, ಜೂನಿಯರ್ ಸ್ಪರ್ಧೆಗಳಲ್ಲಿಯೂ ಭಾಗವಹಿಸುತ್ತಾನೆ. ನಾನು ಶನಿವಾರ ಸಂಜೆ ಗೆಳೆಯರ ಜೊತೆ ಆಡುವವನು, ಅಷ್ಟೇ. ಬ್ರನ್ಸ್‌ವಿಕ್ ಗೋಲ್ಡ್ ಕ್ರೌನ್, ಡೈಮಂಡ್ ಪ್ರೊ-ಆ್ಯಮ್, ಓಲ್‌ಹೌಸನ್ ಈ ಮೂರರಲ್ಲಿ ಒಂದನ್ನು ಕೊಳ್ಳಬೇಕೆಂದಿದ್ದೇವೆ. ಅಂಗಡಿಯವರು ತಾವು ಮಾರುವುದನ್ನೇ ಹೊಗಳುತ್ತಾರೆ. ಒಮ್ಮೆ ಕೊಂಡರೆ ಮತ್ತೆ ಬದಲಿಸುವ ಹಾಗಿರಬಾರದು. ಯಾವುದನ್ನು ಆರಿಸಲಿ?
— ಹೆಸರು ಬೇಡ, ಇಲಿನಾಯ್

ಉತ್ತರ: ನೀವು ಹೆಸರಿಸಿದ ಮೂರೂ ಕಂಪನಿಗಳ ಮೇಲ್ದರ್ಜೆಯ ಟೇಬಲ್‌ಗಳು, ಸರಿಯಾಗಿ ಕೂಡಿಸಿದ್ದೇ ಆದರೆ, ನಿಮ್ಮ ಮಗ ತನ್ನದೇ ಮನೆ ಮಾಡಿಕೊಂಡು ಹೋದ ಮೇಲೂ ಬಾಳುವಂಥವು. ಹಾಗಾಗಿ ಹೆಸರುಗಳನ್ನು ತೂಗಿ ನೋಡುವ ಮೊದಲು ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲನ್ನು ನೋಡಬೇಕು. ನಿಮ್ಮ ಪತ್ರದಲ್ಲಿ ಕೋಣೆಯ ಅಳತೆಯಿದೆ, ಕಂಬದ ಲೆಕ್ಕವೂ ಇದೆ; ಮೆಟ್ಟಿಲಿನ ಮಾತೇ ಇಲ್ಲ. ಡೈಮಂಡ್ ಪ್ರೊ-ಆ್ಯಮ್ ಟೇಬಲ್‌ನ ಸ್ಲೇಟ್, ಎಂದರೆ ಬಟ್ಟೆಯ ಅಡಿಯಲ್ಲಿರುವ ಕಲ್ಲುಹಾಸು, ಒಂದೇ ಅಖಂಡ ಹಲಗೆ. 9 ಅಡಿಯ ಟೇಬಲ್‌ನಲ್ಲಿ ಅದು ಸುಮಾರು 9 ಅಡಿ ಉದ್ದ, ನಾಲ್ಕೂವರೆ ಅಡಿಗೆ ಕಡಿಮೆಯಿಲ್ಲದ ಅಗಲ, ಒಂದು ಅಂಗುಲ ದಪ್ಪವಿರುವ ಕಲ್ಲು. ಅದರ ತೂಕವೇ ಕಾಲು ಟನ್ ಮೀರುತ್ತದೆ. ನಡುವೆ ತಿರುವಿರುವ ಮೆಟ್ಟಿಲಿನಲ್ಲಿ ಇಂಥ ಹಲಗೆಯನ್ನು ಇಳಿಸುವುದು ಆಗದ ಮಾತು. ಹಿತ್ತಲಿನಿಂದ ನೇರವಾಗಿ ಒಳಬರುವ ಅಗಲವಾದ ಬಾಗಿಲು ನಿಮ್ಮ ಬೇಸ್‌ಮೆಂಟಿಗೆ ಇದ್ದರೆ ಈ ತೊಡಕಿಲ್ಲ. ಗೋಲ್ಡ್ ಕ್ರೌನ್ ಮತ್ತು ಓಲ್‌ಹೌಸನ್‌ಗಳ ದೊಡ್ಡ ಟೇಬಲ್‌ಗಳಲ್ಲಿ ಸ್ಲೇಟ್ ಮೂರು ತುಂಡುಗಳಾಗಿ ಬರುತ್ತದೆ. ಒಂದೊಂದು ತುಂಡು ಸುಮಾರು 90 ಕಿಲೋ ತೂಗುವುದರಿಂದ, ನುರಿತ ಇಬ್ಬರು ಮೂವರು ಯಾವ ಮೆಟ್ಟಿಲಿನಲ್ಲಾದರೂ ಇಳಿಸಬಲ್ಲರು.

ಅಖಂಡ ಸ್ಲೇಟ್ ಇದ್ದರೆ ಆಟ ನಿಖರ, ಮೂರು ತುಂಡಿನದು ಎರಡನೆಯ ದರ್ಜೆ ಎಂದು ಅಂಗಡಿಯಲ್ಲಿ ಯಾರಾದರೂ ನಿಮಗೆ ಹೇಳಿರಬಹುದು. ಇದನ್ನು ನಾನು ಒಪ್ಪುವುದಿಲ್ಲ. ಡೈಮಂಡ್ ಟೇಬಲ್‌ಗಳು ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಲಾರಿಯಲ್ಲಿ ಸಾಗುತ್ತವೆ; ಡರ್ಬಿ ಸಿಟಿ ಕ್ಲಾಸಿಕ್‌ನಂಥ ದೊಡ್ಡ ಕೂಟಕ್ಕೆ ಅನೇಕ ಟೇಬಲ್‌ಗಳನ್ನು ಬೇಗ ಬೇಗ ಕೂಡಿಸಿ, ಕೂಟ ಮುಗಿದೊಡನೆ ಬಿಚ್ಚಿ ಒಯ್ಯಬೇಕಾದಾಗ, ಸಂದುಗಳನ್ನು ಹೊಂದಿಸುವ ಕೆಲಸವೇ ಇಲ್ಲದ ಅಖಂಡ ಹಲಗೆ ದೊಡ್ಡ ಅನುಕೂಲ. ಆದರೆ ಒಮ್ಮೆ ಇಟ್ಟರೆ ಕದಲದ ಮನೆಯ ಟೇಬಲ್‌ಗೆ ಆ ಅನುಕೂಲದ ಅಗತ್ಯ ಕಡಿಮೆ. ಮೂರು ತುಂಡುಗಳನ್ನು ಒಂದೊಂದಾಗಿ ಮಟ್ಟಕ್ಕೆ ತಂದು, ಸಂದುಗಳಿಗೆ ಜೇನುಮೇಣವನ್ನೋ ಬೇರೆ ಭರ್ತಿಯನ್ನೋ ತುಂಬಿ ನುಣುಪು ಮಾಡಿ, ಮೇಲೆ ಬಟ್ಟೆ ಬಿಗಿದರೆ, ಚೆಂಡು ಸಂದನ್ನು ದಾಟುವುದು ಆಟಗಾರನಿಗೆ ತಿಳಿಯುವುದೇ ಇಲ್ಲ. ಕಾಲಕ್ರಮದಲ್ಲಿ ಮರದ ಚೌಕಟ್ಟು ಒಂದು ಕಡೆ ತುಸು ಕುಸಿದರೆ ಆ ತುಂಡನ್ನಷ್ಟೇ ಎತ್ತಿ ಸರಿಪಡಿಸಲು ಸಾಧ್ಯವಾಗುವುದು ಮೂರು ತುಂಡಿನ ಸ್ಲೇಟಿಗಿರುವ ಹೆಚ್ಚಿನ ಗುಣ.

ಇನ್ನು ಕೋಣೆ. 9 ಅಡಿಯ ಟೇಬಲ್ ಎಂದರೆ ಅದರ ಕುಷನ್‌ಗಳ (ಅಂಚಿನ ರಬ್ಬರ್ ಪಟ್ಟಿಗಳ) ನಡುವಿನ ಆಟದ ಜಾಗ 100 ಅಂಗುಲ ಉದ್ದ, 50 ಅಂಗುಲ ಅಗಲ. ಚೆಂಡು ಹೊಡೆಯುವ ಕೋಲಾದ ಕ್ಯೂವಿನ ಸಾಮಾನ್ಯ ಉದ್ದ 58 ಅಂಗುಲ. ನಾಲ್ಕೂ ಕಡೆ ಒಂದೊಂದು ಕ್ಯೂವಿನ ಜಾಗ ಬಿಟ್ಟರೆ 18 ಅಡಿ ಉದ್ದ, 13 ಅಡಿ 10 ಅಂಗುಲ ಅಗಲ ಬೇಕು. ಕಂಬದಿಂದ ಈಚೆಗೆ ನಿಮಗೆ 19 ಅಡಿ ಸಿಗುತ್ತದೆ, ಅಗಲ 15 ಅಡಿ ಇದೆ. ಎಂದರೆ ಪ್ರತಿ ಕಡೆ ಆರೇಳು ಅಂಗುಲ ಮಿಗುತ್ತದೆ. ಇದನ್ನು ಉಳಿತಾಯವೆಂದು ಎಣಿಸಬೇಡಿ, ಏಕೆಂದರೆ ಕುಷನ್‌ಗೆ ಅಂಟಿ ನಿಂತ ಚೆಂಡನ್ನು ಹೊಡೆಯುವಾಗ ಕ್ಯೂವನ್ನು ಹಿಂದಕ್ಕೆ ಎಳೆಯಲು ಬೇಕಾಗುವುದು ಅಷ್ಟೇ ಜಾಗ. ಆದ್ದರಿಂದ ಪಕ್ಕದ ಗೋಡೆಗಳಿಗೆ ಸೋಫಾ, ಕಪಾಟು, ಕ್ಯೂ ಸ್ಟ್ಯಾಂಡ್ ಯಾವುದನ್ನೂ ಒರಗಿಸದೆ, ಅವೆಲ್ಲವನ್ನೂ ಕಂಬದ ಆಚೆಗಿನ 5 ಅಡಿಯಲ್ಲಿ ಇಟ್ಟುಕೊಳ್ಳಿ. ಹೀಗೆ ಮಾಡಿದರೆ 9 ಅಡಿಯದೇ ಹಿಡಿಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ಅಳತೆ ಅದೇ ಆಗಿರುವಾಗ, ಮಗನ ದೃಷ್ಟಿಯಿಂದ ನಾನು 8 ಅಡಿಗೆ ಇಳಿಯುವುದಿಲ್ಲ.

ಮೂರು ಕಂಪನಿಗಳ ನಡುವಿನ ನಿಜವಾದ ವ್ಯತ್ಯಾಸ ಕೈಗೆ ತಿಳಿಯುವುದು ಚೆಂಡು ಬೀಳುವ ಪಾಕೆಟ್‌ನಲ್ಲಿ. ಪೂಲ್ ಚೆಂಡಿನ ವ್ಯಾಸ 2¼ ಅಂಗುಲ. ಮೂಲೆಯ ಪಾಕೆಟ್‌ನ ಬಾಯಿ 4½ ಅಂಗುಲವಿದ್ದರೆ ಸರಿಯಾಗಿ ಎರಡು ಚೆಂಡು ಹಿಡಿಯುತ್ತದೆ. ಡೈಮಂಡ್‌ನ ಸ್ಪರ್ಧೆಯ ಟೇಬಲ್‌ಗಳು ಈ ಅಳತೆಯವು. ಮೇಲಾಗಿ ಪಾಕೆಟ್‌ನ ಬಾಯಿಗೂ ಗುಂಡಿಗೂ ನಡುವಿನ ಸ್ಲೇಟಿನ ಅಂಚು ಆಳವಾಗಿರುವುದರಿಂದ, ಕುಷನ್‌ನ ಪಕ್ಕದಲ್ಲಿ ಜೋರಾಗಿ ಬಂದ ಚೆಂಡು ಪಾಕೆಟ್‌ನ ಎರಡು ಬದಿಗಳ ನಡುವೆ ಅಲ್ಲಾಡಿ ಹೊರಗೇ ನಿಂತುಬಿಡುತ್ತದೆ. ಹಳೆಯ ಗೋಲ್ಡ್ ಕ್ರೌನ್‌ಗಳ ಪಾಕೆಟ್ 5 ಅಂಗುಲದ ಆಸುಪಾಸಿನಲ್ಲಿದ್ದು ಉದಾರವಾಗಿರುತ್ತಿತ್ತು. ಈ ಅರ್ಧ ಅಂಗುಲ ಆಟವನ್ನೇ ಬದಲಿಸುತ್ತದೆ. ಬಿಗಿಯಾದ ಪಾಕೆಟ್‌ನಲ್ಲಿ ಕಲಿತ ಹುಡುಗ ಹೊರಗಿನ ಯಾವ ಟೇಬಲ್‌ಗೂ ಹೆದರುವುದಿಲ್ಲ. ಆದರೆ ಶನಿವಾರದ ನಿಮ್ಮ ಗೆಳೆಯರು ಒಂದು ಆಟ ಮುಗಿಸಲು ಅರ್ಧ ಗಂಟೆ ತೆಗೆದುಕೊಂಡಾರು, ಅವರಲ್ಲಿ ಕೆಲವರು ಮುಂದಿನ ವಾರ ಇಸ್ಪೀಟಿಗೆ ಮರಳಿದರೂ ಆಶ್ಚರ್ಯವಿಲ್ಲ. ಗೋಲ್ಡ್ ಕ್ರೌನ್ ತರಿಸುವುದಾದರೆ, ಪಾಕೆಟ್‌ನ ಅಳತೆಯೆಷ್ಟೆಂದು ಕೇಳಿ, ಅದನ್ನು ಬೇಡಿಕೆಯ ಪತ್ರದಲ್ಲಿ ಬರೆಸಿಕೊಳ್ಳಿ.

ಕಂಪನಿಗಳ ಹಿನ್ನೆಲೆಯೂ ಅವುಗಳ ಸ್ವಭಾವವನ್ನು ಒಂದಿಷ್ಟು ಹೇಳುತ್ತದೆ. ಬ್ರನ್ಸ್‌ವಿಕ್ 1845ರಲ್ಲಿ ಸಿನ್ಸಿನಾಟಿಯಲ್ಲಿ ಆರಂಭವಾಯಿತು. 1961ರಲ್ಲಿ ಬಂದ ಗೋಲ್ಡ್ ಕ್ರೌನ್ ಅಮೆರಿಕದ ಪೂಲ್ ಹಾಲ್‌ಗಳಲ್ಲಿ ದಶಕಗಳ ಕಾಲ ಮಾದರಿಯಾಗಿ ನಿಂತಿತ್ತು. ಕಂಪನಿಯ ಪೂಲ್ ಟೇಬಲ್ ವಿಭಾಗದ ಒಡೆತನ ಈಚೆಗೆ ಬದಲಾಗಿ, 2022ರಿಂದ ಅದು ಕ್ರೀಡಾಸಾಮಗ್ರಿ ತಯಾರಿಸುವ ಎಸ್ಕಲೇಡ್ ಸಂಸ್ಥೆಯ ಕೈಯಲ್ಲಿದೆ. ಬ್ರನ್ಸ್‌ವಿಕ್ ಎಂದು ಬರೆದ ಎಲ್ಲ ಟೇಬಲ್‌ಗಳೂ ಗೋಲ್ಡ್ ಕ್ರೌನ್‌ನ ಗುಣದವಲ್ಲ. ಕಡಿಮೆ ಬೆಲೆಯ ಮಾದರಿಗಳೂ ಅದೇ ಹೆಸರು ಹೊತ್ತಿರುವುದರಿಂದ ಮಾದರಿಯ ಹೆಸರನ್ನು ನೋಡಿಯೇ ಮಾತಾಡಬೇಕು. ಇಂಡಿಯಾನಾ ರಾಜ್ಯದ ಜೆಫರ್ಸನ್‌ವಿಲ್‌ನ ಡೈಮಂಡ್ ಆಟಗಾರರನ್ನು ಮುಂದಿಟ್ಟುಕೊಂಡು ಬೆಳೆದದ್ದು. ಅಲಂಕಾರ ಕಡಿಮೆ, ಆಟದ ಬಿಗಿ ಹೆಚ್ಚು. 1973ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಹುಟ್ಟಿ ಈಗ ಟೆನೆಸಿಯಲ್ಲಿ ಕಾರ್ಖಾನೆ ಹೊಂದಿರುವ ಓಲ್‌ಹೌಸನ್ ಮನೆಯ ಕೋಣೆಯನ್ನೇ ಮುಖ್ಯವಾಗಿ ಎಣಿಸಿದ ಕಂಪನಿ. ಮರದ ಬಗೆ, ಬಣ್ಣ, ಕಾಲಿನ ಕೆತ್ತನೆಗಳಲ್ಲಿ ಅಲ್ಲಿರುವಷ್ಟು ಆಯ್ಕೆ ಉಳಿದೆರಡರಲ್ಲಿಲ್ಲ. ಅದರ ಅಕ್ಯು-ಫಾಸ್ಟ್ ಕುಷನ್‌ಗಳು ಚುರುಕಾಗಿದ್ದು, ಪೂಲ್ ಹಾಲ್‌ನ ಟೇಬಲ್‌ಗೆ ಕೈ ಪಳಗಿದವರಿಗೆ ಚೆಂಡು ತುಸು ಹೆಚ್ಚೇ ಪುಟಿಯುತ್ತದೆ ಎನ್ನಿಸುವುದುಂಟು.

ನನ್ನ ತೀರ್ಮಾನ ಹೀಗಿದೆ. ಸ್ಲೇಟ್ ಒಳಗೆ ಬರುವ ದಾರಿಯಿದ್ದರೆ, ಮಗನ ಆಟವೇ ಈ ಖರೀದಿಯ ಕಾರಣವಾದ್ದರಿಂದ, ಡೈಮಂಡ್ ಕೊಳ್ಳಿ. ಮೆಟ್ಟಿಲು ಬಿಡದಿದ್ದರೆ, ಬಿಗಿ ಪಾಕೆಟ್‌ನ ಗೋಲ್ಡ್ ಕ್ರೌನ್ ತರಿಸಿ. ಅದರಿಂದ ಮಗನಿಗೆ ನಷ್ಟವೇನೂ ಆಗದು. ಮಗ ಆಡದೆ ನೀವೊಬ್ಬರೇ ಶನಿವಾರ ಆಡುವವರಾಗಿದ್ದರೆ ನಾನು ಓಲ್‌ಹೌಸನ್‌ನ 8 ಅಡಿಯ ಟೇಬಲ್ ಹೇಳುತ್ತಿದ್ದೆ.

ಯಾವುದನ್ನು ಕೊಂಡರೂ, ಅದನ್ನು ಕೂಡಿಸುವ ಮೆಕ್ಯಾನಿಕ್‌ನನ್ನು ಟೇಬಲ್‌ನಷ್ಟೇ ಎಚ್ಚರದಿಂದ ಆರಿಸಬೇಕು. ಅಂಗಡಿಯವರು ಕಳಿಸುವ ಸಾಗಣೆಯ ಆಳುಗಳು ಬಡಗಿಯ ರಸಮಟ್ಟ ಹಿಡಿದು ಬಂದರೆ ಒಪ್ಪಬೇಡಿ. ಯಂತ್ರದ ಕೆಲಸಕ್ಕೆ ಬಳಸುವ ಸೂಕ್ಷ್ಮ ಮಟ್ಟಗೋಲು ಇರುವವರು ಬೇಕು. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ ಉದ್ದಕ್ಕೆ 0.02 ಅಂಗುಲ, ಅಗಲಕ್ಕೆ 0.01 ಅಂಗುಲದೊಳಗೆ ಮಟ್ಟ ಬರಬೇಕೆಂದಿರುವಾಗ ಸಾಧಾರಣ ರಸಮಟ್ಟದಿಂದ ಅದು ಸಾಧ್ಯವಿಲ್ಲ. ನಿಮ್ಮ ಊರಿನ ಪೂಲ್ ಹಾಲ್‌ನ ಟೇಬಲ್‌ಗಳಿಗೆ ಬಟ್ಟೆ ಹಾಕುವವರು ಯಾರೆಂದು ಮಗನಿಂದಲೇ ವಿಚಾರಿಸಿ. ಬಟ್ಟೆಗೆ ಬೆಲ್ಜಿಯಂನ ಸಿಮೋನಿಸ್ 860 ಸಾಕು. 760 ಇನ್ನೂ ವೇಗದ್ದು, ಮನೆಗೆ ಬೇಕಿಲ್ಲ. ಬೇಸಿಗೆಯಲ್ಲಿ ಬೇಸ್‌ಮೆಂಟಿನ ತೇವ ಬಟ್ಟೆಯನ್ನು ಮಂದ ಮಾಡುತ್ತದೆ, ಚಳಿಗಾಲದ ಹೀಟರ್ ಮರವನ್ನು ಒಣಗಿಸುತ್ತದೆ. ವರ್ಷವಿಡೀ ತೇವಾಂಶ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳುವ ಯಂತ್ರವೊಂದು ಅಗತ್ಯ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಪೂಲ್ ಹಾಲ್ ಒಂದು ಮುಚ್ಚುತ್ತಿದ್ದು, ಅಲ್ಲಿನ 9 ಅಡಿಯ ಹಳೆಯ ಗೋಲ್ಡ್ ಕ್ರೌನ್ 3 ಟೇಬಲ್‌ಗಳನ್ನು ಮಾರುತ್ತಿದ್ದಾರೆ. ಎರಡು ಕಾರು ನಿಲ್ಲುವ ನಮ್ಮ ಗ್ಯಾರೇಜ್‌ನಲ್ಲಿ ಇಡುವ ಯೋಚನೆಯಿದೆ. ಹಳೆಯದನ್ನು ಕೊಳ್ಳಬಹುದೇ, ಇಲ್ಲವೇ ಪ್ರಿಡೇಟರ್, ರಾಸನ್‌ಗಳಂಥ ಹೊಸ ಹೆಸರುಗಳತ್ತ ನೋಡಬೇಕೇ?
— ಓದುಗ, ಕ್ಯಾಲಿಫೋರ್ನಿಯಾ

ಉತ್ತರ: ಧಾರಾಳವಾಗಿ ಕೊಳ್ಳಬಹುದು. ಪೂಲ್ ಟೇಬಲ್‌ನಲ್ಲಿ ಸವೆಯುವುದು ಬಟ್ಟೆ, ಕುಷನ್‌ನ ರಬ್ಬರ್ ಮತ್ತು ಪಾಕೆಟ್‌ಗಳು, ಇವೆಲ್ಲವನ್ನೂ ಬದಲಿಸಬಹುದು. ಸ್ಲೇಟ್ ಸವೆಯುವುದಿಲ್ಲ. ಗೋಲ್ಡ್ ಕ್ರೌನ್‌ನ ಚೌಕಟ್ಟು ಹಗಲಿರುಳು ಆಡುವ ಹಾಲ್‌ಗಳಿಗೆಂದೇ ಮಾಡಿದ್ದು, ಮನೆಯ ಬಳಕೆ ಅದಕ್ಕೆ ಯಾವ ಲೆಕ್ಕವೂ ಅಲ್ಲ.

ನೋಡಲು ಹೋದಾಗ ಮೊದಲು ಕುಷನ್ ಪರೀಕ್ಷಿಸಿ. ಬಿಳಿ ಚೆಂಡಿನ ನಟ್ಟನಡುವೆ, ಕ್ಯೂವನ್ನು ಮಟ್ಟವಾಗಿ ಹಿಡಿದು ಟೇಬಲ್‌ನ ಉದ್ದಕ್ಕೆ ಗಟ್ಟಿಯಾಗಿ ಹೊಡೆದರೆ, ಅದು ಜಿಗಿಯದೆ ನಾಲ್ಕರಿಂದ ನಾಲ್ಕೂವರೆ ಟೇಬಲ್ ಉದ್ದದಷ್ಟು ಸಾಗಬೇಕು. ಸಾಗದಿದ್ದರೆ ರಬ್ಬರ್ ಗಡುಸಾಗಿದೆ ಎಂದರ್ಥ. ಆರೂ ರೈಲ್‌ಗಳ (ಕುಷನ್ ಕೂರಿಸಿದ ಅಂಚುಗಳ) ರಬ್ಬರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ. ಆಗಲೇ ಪಾಕೆಟ್‌ನ ಬಾಯನ್ನು ಕಿರಿದು ಮಾಡಿಸಿಕೊಳ್ಳಲೂ ಸಾಧ್ಯವಿದೆ, ಮತ್ತು ಈ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಅಮೆರಿಕದಲ್ಲಿ ಸಾಕಷ್ಟಿದ್ದಾರೆ. ಸ್ಲೇಟಿನ ಬೋಲ್ಟ್ ತೂತುಗಳ ಸುತ್ತ ಬಿರುಕಿದೆಯೇ, ಪಾಕೆಟ್‌ಗಳ ಬಳಿ ಚಕ್ಕೆ ಎದ್ದಿದೆಯೇ ಎಂದು ಕೆಳಗಿನಿಂದ ದೀಪ ಹಿಡಿದು ನೋಡಿ. ಹಾಲ್‌ನಲ್ಲಿ ಹಲವು ಟೇಬಲ್‌ಗಳನ್ನು ಒಟ್ಟಿಗೆ ಬಿಚ್ಚುವಾಗ ಒಂದರ ಸ್ಲೇಟ್ ಇನ್ನೊಂದಕ್ಕೆ ಸೇರಿಹೋಗುವ ಅಪಾಯವಿರುತ್ತದೆ. ಮೂರು ತುಂಡುಗಳನ್ನೂ ಜೊತೆಯಾಗಿಯೇ ತಯಾರಿಸಿರುತ್ತಾರಾದ್ದರಿಂದ, ಬಿಚ್ಚುವ ಹೊತ್ತಿಗೆ ನೀವೇ ಅಲ್ಲಿದ್ದು ಪ್ರತಿ ತುಂಡಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ.

ಗ್ಯಾರೇಜ್‌ನ ನೆಲ ನೀರು ಹೊರಗೆ ಹರಿಯಲೆಂದು ಬಾಗಿಲಿನ ಕಡೆಗೆ ಇಳಿಜಾರಾಗಿರುತ್ತದೆ. ಸಣ್ಣ ಇಳಿಜಾರನ್ನು ಗೋಲ್ಡ್ ಕ್ರೌನ್‌ನ ಕಾಲುಗಳ ತಿರುಪುಗಳೇ ಸರಿದೂಗಿಸುತ್ತವೆ, ಹೆಚ್ಚಿದ್ದರೆ ಕಾಲಿನಡಿ ಗಟ್ಟಿ ಹಲಗೆ ಕೊಡಬೇಕಾಗುತ್ತದೆ. ಎರಡು ಕಾರು ಹಿಡಿಯುವ ಗ್ಯಾರೇಜ್ ಸಾಮಾನ್ಯವಾಗಿ 20 ಅಡಿ ಚದರದ ಆಸುಪಾಸಿನಲ್ಲಿರುವುದರಿಂದ ಜಾಗದ ಚಿಂತೆಯಿಲ್ಲ. ಕಾರುಗಳು ಮಾತ್ರ ಇನ್ನು ಬೀದಿಯಲ್ಲಿ.

ಪ್ರಿಡೇಟರ್‌ನ ಎಪೆಕ್ಸ್, ಚೀನಾದ ರಾಸನ್ ಎರಡೂ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಕೆಯಾಗಿರುವ ಗಟ್ಟಿ ಟೇಬಲ್‌ಗಳೇ. ಹೊಸದನ್ನೇ ಕೊಳ್ಳುವ ಮನಸ್ಸಿದ್ದರೆ ಅವನ್ನು ನೋಡಬಹುದು. ಆದರೆ ಬಿಡಿಭಾಗಗಳು ಮತ್ತು ರಿಪೇರಿ ಬಲ್ಲವರು ನಿಮ್ಮ ಊರಿನಲ್ಲಿ ಎಷ್ಟು ಸುಲಭವಾಗಿ ಸಿಗುತ್ತಾರೆ ಎಂಬುದರಲ್ಲಿ ಹಳೆಯ ಗೋಲ್ಡ್ ಕ್ರೌನ್ ಮುಂದಿದೆ. ಹಳೆಯ ಡೈಮಂಡ್ ಸಿಕ್ಕರೆ ಮಾತ್ರ ರೈಲ್‌ನ ಲೇಬಲ್ ಬಣ್ಣ ನೋಡಿ. ಕೆಂಪು ಲೇಬಲ್‌ನ ಕಾಲದವುಗಳಲ್ಲಿ ಕುಷನ್‌ಗೆ ಬಡಿದ ಚೆಂಡು ಎಣಿಸಿದ್ದಕ್ಕಿಂತ ಕಿರಿದಾದ ಕೋನದಲ್ಲಿ ಮರಳುತ್ತಿತ್ತು, ನೀಲಿ ಲೇಬಲ್‌ನಲ್ಲಿ ಅದನ್ನು ತಿದ್ದಿದ್ದಾರೆ.

ಪ್ರಶ್ನೆ: ಮೈಸೂರಿನಲ್ಲಿ ಕಟ್ಟಿಸುತ್ತಿರುವ ಮನೆಯ ಮೊದಲ ಮಹಡಿಯಲ್ಲಿ ಆಟದ ಕೋಣೆಯೊಂದನ್ನು ಬಿಟ್ಟಿದ್ದೇವೆ. ವಿದೇಶದಲ್ಲಿರುವ ಮೈದುನ ಅಮೆರಿಕದ ಟೇಬಲ್ ತರಿಸೋಣ ಎನ್ನುತ್ತಾರೆ. ಮಗಳಿಗೆ ಹನ್ನೊಂದು ವರ್ಷ, ಆಟ ಕಲಿಯುವ ಆಸೆಯಿದೆ. ತರಿಸುವುದು ಸರಿಯೇ? ಮಹಡಿ ಅಷ್ಟು ಭಾರ ತಡೆದೀತೇ?
— ಗೃಹಿಣಿ, ಮೈಸೂರು

ಉತ್ತರ: ಭಾರದ ಪ್ರಶ್ನೆ ಮೊದಲು ತೀರಲಿ. ವಾಸದ ಮನೆಯ ಮಹಡಿಯ ನೆಲವನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ ಹೊರುವಂತೆ ಲೆಕ್ಕ ಹಾಕುತ್ತಾರೆ. 9 ಅಡಿಯ ಸ್ಲೇಟ್ ಟೇಬಲ್ ಅರ್ಧ ಟನ್ ಮೀರಿದರೂ ನಾಲ್ಕು ಚದರ ಮೀಟರಿಗಿಂತ ಹೆಚ್ಚು ಜಾಗವನ್ನು ಆವರಿಸುತ್ತದೆ. ಹೀಗಾಗಿ ಒಟ್ಟು ಭಾರ ಹೆದರಿಸುವಂಥದಲ್ಲ. ಆದರೆ ಅದೆಲ್ಲವೂ ನಾಲ್ಕಾರು ಕಾಲುಗಳ ಮೂಲಕ ಇಳಿಯುವುದರಿಂದ, ಆ ಕಾಲುಗಳು ತೊಲೆಯ ಸಮೀಪ ಬರುವಂತೆ ಜಾಗ ಗೊತ್ತುಮಾಡಬೇಕು. ಮನೆ ಇನ್ನೂ ಕಟ್ಟಡದ ಹಂತದಲ್ಲಿದೆಯಲ್ಲ, ಸ್ಟ್ರಕ್ಚರಲ್ ಎಂಜಿನಿಯರರಿಗೆ ಈಗಲೇ ಟೇಬಲ್‌ನ ತೂಕ, ಕಾಲುಗಳ ಅಂತರ ತಿಳಿಸಿ. ಸ್ಲೇಟ್ ಮೂರು ತುಂಡಿನದೇ ಇರಲಿ. ಅಖಂಡ ಹಲಗೆಯನ್ನು ಮಹಡಿಗೆ ಏರಿಸಲು ಕ್ರೇನ್ ಕರೆಸಬೇಕಾದೀತು.

ಎರಡನೆಯದು, ಮಗಳು ಯಾವ ಆಟ ಕಲಿಯಬೇಕು ಎಂಬುದು. ಕರ್ನಾಟಕದಲ್ಲಿ ಈ ಆಟಗಳ ಪರಂಪರೆ ಬಿಲಿಯರ್ಡ್ಸ್ ಮತ್ತು ಸ್ನೂಕರ್‌ನದು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಿದೆ. ಪಂಕಜ್ ಅಡ್ವಾಣಿ, ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಅವರಂಥ ಆಟಗಾರರು ಬೆಳೆದದ್ದು ಆ ನಗರದಲ್ಲಿ. ಮಗಳಿಗೆ ತರಬೇತುದಾರರು ಸಿಗುವುದೂ, ಮುಂದೆ ರಾಜ್ಯಮಟ್ಟದಲ್ಲಿ ಆಡುವ ಅವಕಾಶ ಹೆಚ್ಚಿರುವುದೂ ಸ್ನೂಕರ್‌ನಲ್ಲಿಯೇ ಎಂದು ನನ್ನ ಅಂದಾಜು. ಸ್ನೂಕರ್‌ನ ಪೂರ್ಣ ಟೇಬಲ್ 12 ಅಡಿಯದು, ಚೆಂಡು ಚಿಕ್ಕದು, ಬಟ್ಟೆಗೆ ನವಿರಾದ ಎಳೆಗಳ ಜೂಲಿದೆ, ಪಾಕೆಟ್‌ನ ಅಂಚು ದುಂಡಗಿದೆ. ಅಮೆರಿಕದ ಪೂಲ್ ಟೇಬಲ್‌ನಲ್ಲಿ ಪಳಗಿದ ಕೈಗೆ ಇವೆಲ್ಲ ಹೊಸದಾಗುತ್ತವೆ. ಕೋಣೆ 22 ಅಡಿ ಉದ್ದ, 16 ಅಡಿ ಅಗಲ ಇದ್ದರೆ ನಾನು ಮೈದುನರ ಸಲಹೆಯನ್ನು ಬದಿಗಿಟ್ಟು ಸ್ನೂಕರ್ ಟೇಬಲ್ ಹಾಕಿಸುತ್ತೇನೆ. ಆದರೆ ಅದರ ತೂಕ ಪೂಲ್ ಟೇಬಲ್‌ನ ಎರಡು ಪಟ್ಟಿಗಿಂತ ಹೆಚ್ಚು. ಆಗ ಎಂಜಿನಿಯರರ ಲೆಕ್ಕ ಬೇರೆಯದೇ ಆಗುತ್ತದೆ, ಸಾಧ್ಯವಾದರೆ ಆಟದ ಕೋಣೆಯನ್ನು ನೆಲಮಹಡಿಗೆ ಇಳಿಸುವುದೇ ಮೇಲು.

ಕೋಣೆ ಅಷ್ಟು ದೊಡ್ಡದಿಲ್ಲದೆ ಪೂಲ್ ಟೇಬಲನ್ನೇ ಇಡುವುದಾದರೂ, ಒಂದೇ ಒಂದು ಟೇಬಲನ್ನು ಅಮೆರಿಕದಿಂದ ಹಡಗಿನಲ್ಲಿ ತರಿಸುವುದನ್ನು ನಾನು ಹೇಳಲಾರೆ. ಸಾಗಣೆ, ಸುಂಕ, ವಿಮೆ, ಬಂದರಿನಿಂದ ಮೈಸೂರಿಗೆ ಲಾರಿ ಇವೆಲ್ಲ ಸೇರಿ ಬೆಲೆ ಏರುವುದು ಒಂದು ಕಡೆಯಾದರೆ, ದಾರಿಯಲ್ಲಿ ಒಂದು ತುಂಡು ಸ್ಲೇಟ್ ಒಡೆದರೆ ಅದಕ್ಕೆ ಹೊಂದುವ ಇನ್ನೊಂದನ್ನು ತರಿಸುವಷ್ಟರಲ್ಲಿ ಮಳೆಗಾಲ ಕಳೆದಿರುತ್ತದೆ. ಭಾರತದಲ್ಲಿ ಪ್ರತಿನಿಧಿ ಇರುವ, ಕೂಡಿಸಿಕೊಟ್ಟು ಆರು ತಿಂಗಳ ಮೇಲೆ ಬಂದು ಮಟ್ಟ ನೋಡಿಹೋಗುವ ಕಂಪನಿಯ ಟೇಬಲ್ ಕೊಳ್ಳಿ. ಅದು ಅಮೆರಿಕದ್ದೋ ಚೀನಾದ್ದೋ ಇಲ್ಲಿಯದೋ ಎಂಬುದು ಆ ಮೇಲಿನ ಮಾತು. ಸ್ಲೇಟ್ ಕನಿಷ್ಠ ಒಂದು ಅಂಗುಲ ದಪ್ಪವಿದೆಯೇ, ಚೌಕಟ್ಟಿನ ಮರಕ್ಕೆ ಗೆದ್ದಲಿನ ಔಷಧ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಪುಣೆಯ ಫ್ಲಾಟ್‌ನಲ್ಲಿದ್ದೇವೆ. ಊಟದ ಮೇಜಾಗಿಯೂ ಪೂಲ್ ಟೇಬಲ್ ಆಗಿಯೂ ಬಳಸುವ ವಿದೇಶಿ ಟೇಬಲ್‌ಗಳು ನಿಜಕ್ಕೂ ಆಡಲು ಯೋಗ್ಯವೇ?
— ದಂಪತಿ, ಪುಣೆ

ಉತ್ತರ: ಬೆಲ್ಜಿಯಂನ ಫ್ಯೂಷನ್‌ನಂಥ ಉತ್ತಮ ಬಗೆಯವು ಯೋಗ್ಯವೇ, ಸ್ಲೇಟ್ ಇರುತ್ತದೆ, ಆಟಕ್ಕೆ ಬೇಕಾದ ಎತ್ತರಕ್ಕೆ ಏರಿಸುವ ವ್ಯವಸ್ಥೆಯೂ ಇರುತ್ತದೆ. ಆಟದ ಜಾಗ ಚಿಕ್ಕದಾದ್ದರಿಂದ ಗಂಭೀರ ಅಭ್ಯಾಸಕ್ಕೆ ಅದು ಸಾಲದು, ಕೂತು ಹರಟುತ್ತ ಆಡಲು ಸಾಕು. ಊಟದ ಕೋಣೆಯಲ್ಲಿ ಕ್ಯೂ ಗೋಡೆಗೆ ತಾಗದಂತೆ 13 ಅಡಿ ಅಗಲ ನಿಮಗೆ ಸಿಗುವುದು ಕಷ್ಟವಿರಬಹುದು. ಹಾಗಾದರೆ 48 ಅಂಗುಲದ ಗಿಡ್ಡ ಕ್ಯೂ ಒಂದನ್ನು ಜೊತೆಗೇ ಕೊಳ್ಳಿ. ಬಟ್ಟೆಯ ಮೇಲೆ ಮುಚ್ಚುವ ಹಲಗೆಗಳ ಸಂದಿನಿಂದ ಸಾರು ಇಳಿಯುವುದೊಂದು ಭಯವಿದ್ದೇ ಇದೆ. ದಪ್ಪ ಮೇಜುಹಾಸನ್ನು ತಪ್ಪಿಸಬೇಡಿ.

ಪ್ರಶ್ನೆ: ಹತ್ತು ಸಾವಿರ ಡಾಲರ್ ಕೊಟ್ಟು ಟೇಬಲ್ ಕೊಂಡ ಮೇಲೆ ಅದರ ಜೊತೆ ಉಚಿತವಾಗಿ ಬಂದ ಚೆಂಡುಗಳಿಂದಲೇ ಆಡಬಹುದೇ?
— ಓದುಗ, ನ್ಯೂಜೆರ್ಸಿ

ಉತ್ತರ: ಅವು ಫಿನಾಲಿಕ್ ರಾಳದವಾದರೆ ಆಡಬಹುದು, ಪಾಲಿಯೆಸ್ಟರ್‌ನವಾದರೆ ಬೇಡ. ಚೆಂಡು ಹೊಡೆತ ತಿಂದು ಉಜ್ಜಿ ಸಾಗುವಾಗ ಬಟ್ಟೆಯ ಮೇಲೆ ಶಾಖ ಹುಟ್ಟುತ್ತದೆ. ಕಡಿಮೆ ದರ್ಜೆಯ ಚೆಂಡುಗಳು ಬಟ್ಟೆಯಲ್ಲಿ ಸುಟ್ಟ ಬಿಳಿ ಗೆರೆಗಳನ್ನು ಬೇಗ ಬಿಡಿಸುತ್ತವೆ, ತಾವೂ ಮೈ ಕಳೆದುಕೊಂಡು ದುಂಡು ತಪ್ಪುತ್ತವೆ. ಬೆಲ್ಜಿಯಂನ ಸಲ್ಯೂಕ್ ಕಂಪನಿಯ ಅರಾಮಿತ್ ಚೆಂಡುಗಳು ಫಿನಾಲಿಕ್ ರಾಳದವು. ಅವುಗಳಲ್ಲಿ ಹೆಚ್ಚಿನ ಬೆಲೆಯ ಸೆಟ್ಟೇ ಬೇಕೆಂದಿಲ್ಲ, ಪ್ರೀಮಿಯರ್ ಸೆಟ್ ಕೊಂಡು ತಿಂಗಳಿಗೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.